ಹಂದಿಗೆ ಹದಿನೈದು ಸೆಕೆಂಡು

ಆಸ್ಪತ್ರೆಗಳ ಉಪಕರಣ ಖರೀದಿ ಸಮಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಡೆಮೊ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತು. ಮೀಟಿಂಗ್ ಹಾಲಿನ ಮೇಜಿನ ಮೇಲೆ ಸೇಲ್ಸ್ ಎಂಜಿನಿಯರ್ ಒಂದು ಪೆಟ್ಟಿಗೆ, ಅಂದರೆ ಡಿಫಿಬ್ರಿಲೇಟರ್, ತಂದಿಡುತ್ತಾರೆ. ಮೇಲೊಂದು ಹಿಡಿ, ಎದುರಿಗೊಂದು ಪರದೆ, ಪಕ್ಕದಲ್ಲಿ ಸುರುಳಿ ಸುತ್ತಿದ ತಂತಿಗೆ ಎರಡು ಪ್ಯಾಡಲ್. ಟೀ ಬರುತ್ತದೆ. ಗುಂಡಿ ಒತ್ತಿದರೆ ಪೆಟ್ಟಿಗೆ ಕೀರಲು ದನಿಯಲ್ಲಿ ಚಾರ್ಜ್ ಆಗುತ್ತದೆ, ಎಲ್ಲರೂ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸುತ್ತಾರೆ. ಆಮೇಲೆ ಬ್ರೋಶರ್ ಕೈಗೆ ಬರುತ್ತದೆ. ಒಳಪುಟದಲ್ಲಿ ಒಂದು ಗ್ರಾಫ್, ಅದರಲ್ಲಿ ಎರಡು ಗೆರೆ. ಮೇಲಿನ ಕೆಂಪು ಗೆರೆ ಅವರದು, ಕೆಳಗೆ ಬೂದು ಬಣ್ಣದ್ದು ಇನ್ನೊಂದು ಕಂಪನಿಯದು. ‘ನಮ್ಮ ಅಲೆ ಕಡಿಮೆ ಜೂಲ್‌ನಲ್ಲೇ ಕೆಲಸ ಮಾಡುತ್ತದೆ, ಸರ್.’ ಗ್ರಾಫಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೇನೋ ಅಚ್ಚಾಗಿರುತ್ತದೆ: ಇದು ಹಂದಿಗಳ ಮೇಲೆ ನಡೆಸಿದ ಪ್ರಯೋಗ. ಅದನ್ನು ಯಾರೂ ಓದುವುದಿಲ್ಲ. ಲೆಕ್ಕಪತ್ರ ವಿಭಾಗದವರು ಜಿಎಸ್‌ಟಿ ಸೇರಿ ಎಷ್ಟಾಗುತ್ತದೆ ಎಂದು ಕೇಳಿರುತ್ತಾರೆ, ಮಾತು ಅತ್ತ ಹೊರಳಿರುತ್ತದೆ.

ಈ ಪತ್ರ ಆ ಇರುವೆ ಸಾಲಿನ ಬಗ್ಗೆ.

ಗ್ರಾಫ್ ಸುಳ್ಳೆಂದು ಹೇಳುವ ಉದ್ದೇಶ ಇದಕ್ಕಿಲ್ಲ. ಪ್ರಾಣಿ ಪ್ರಯೋಗ ನಡೆಯದಿದ್ದರೆ ನಿಮ್ಮ ಮೇಜಿನ ಮೇಲಿನ ಆ ಪೆಟ್ಟಿಗೆ ಇರುತ್ತಲೇ ಇರಲಿಲ್ಲ. ಆದರೆ ಹಂದಿಯ ಎದೆ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು, ನೀವು ಕೊಳ್ಳುವಾಗ ಕೇಳಬೇಕಾದದ್ದು ಯಾವುದು ಎನ್ನುವುದು ಬೇರೆ ಬೇರೆ ಸಂಗತಿ. ಆ ಎರಡರ ನಡುವಿನ ಅಂತರಕ್ಕೆ ನೀವು ಕೆಲವೊಮ್ಮೆ ಲಕ್ಷಗಟ್ಟಲೆ ತೆರುತ್ತೀರಿ.

ಹೃದಯದ ಕೆಳಕೋಣೆಗಳು ಫಿಬ್ರಿಲೇಷನ್‌ಗೆ ಜಾರಿದಾಗ ಏನಾಗುತ್ತದೆ ಎಂಬುದನ್ನು ಗಾಳಿ ಬೀಸುವ ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಕೂತವರು ಸುಲಭವಾಗಿ ಊಹಿಸಬಲ್ಲರು. ಎಲೆ ಎಲೆಯೂ ಪಟಪಟನೆ ಅಲುಗುತ್ತಿರುತ್ತದೆ, ಕೊಂಬೆ ಮಾತ್ರ ಕದಲುವುದಿಲ್ಲ. ಸ್ನಾಯುವಿನ ತುಣುಕು ತುಣುಕೂ ತನ್ನಷ್ಟಕ್ಕೆ ತಾನು ಅದುರುತ್ತದೆ. ಎಲ್ಲ ಸೇರಿ ರಕ್ತವನ್ನು ಹಿಂಡುವ ಕೆಲಸ ನಿಂತುಹೋಗುತ್ತದೆ, ನಾಡಿ ಸಿಗುವುದಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ನಿಂತ ಹೃದಯವನ್ನು ಓಡಿಸುವುದು ಶಾಕ್‌ನ ಕೆಲಸವಲ್ಲ. ಈ ಅಲುಗಾಟವನ್ನೆಲ್ಲ ಒಂದೇ ಏಟಿಗೆ ನಿಲ್ಲಿಸುವುದು ಅದರ ಕೆಲಸ. ನಿಂತ ಮೇಲೆ ಹೃದಯ ತನ್ನ ಸ್ವಂತ ತಾಳವನ್ನು ತಾನೇ ಹಿಡಿಯಬೇಕು.

ಆ ಏಟಿನ ಆಯುಸ್ಸು ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸು. ಅಷ್ಟರೊಳಗೆ ಕರೆಂಟು ಹೇಗೆ ಏರಿತು, ಹೇಗೆ ಇಳಿಯಿತು, ದಿಕ್ಕು ಬದಲಿಸಿತೇ ಎಂಬುದೇ ಅಲೆಯ ಆಕಾರ. ಹಳೆಯ ಯಂತ್ರಗಳಲ್ಲಿ ಕರೆಂಟು ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು; ಹಾಲು ಉಕ್ಕಿ ಇಳಿದ ಹಾಗೆ ಏರಿ, ಇಳಿದು, ಮುಗಿಯುತ್ತಿತ್ತು. ಅದು ಮೊನೊಫೇಸಿಕ್. ಈಗಿನ ಯಂತ್ರಗಳಲ್ಲಿ ಕರೆಂಟು ಒಂದು ಪ್ಯಾಡಿನಿಂದ ಇನ್ನೊಂದಕ್ಕೆ ಹರಿದು, ನಡುವೆ ಕತ್ತರಿಸಿದಂತೆ ನಿಂತು, ಕೂಡಲೇ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುತ್ತದೆ. ಇದು ಬೈಫೇಸಿಕ್. ಈ ಒಂದು ತಿರುವು ಕಂಡುಕೊಳ್ಳಲು ಕೋಳಿ, ನಾಯಿ, ಕರು, ಮೊಲ, ಹಂದಿ ಎಲ್ಲವೂ ಬೇಕಾದವು.

ಮೊದಲಿಗೆ ಕೋಳಿ. ಡೆನ್ಮಾರ್ಕಿನ ಪಶುವೈದ್ಯ ಪೀಟರ್ ಕ್ರಿಸ್ಟಿಯನ್ ಆಬಿಲ್ಡ್‌ಗಾರ್ 1775ರಲ್ಲಿ ವರದಿ ಮಾಡಿದ ಪ್ರಯೋಗ ಅದು: ತಲೆಗೆ ವಿದ್ಯುತ್ತಿನ ಏಟು ಬಿದ್ದ ಕೋಳಿ ಸತ್ತಂತೆ ಬಿತ್ತು, ಎದೆಗೆ ಇನ್ನೊಂದು ಏಟು ಬಿದ್ದಾಗ ಎದ್ದಿತು. ಇದಕ್ಕೆ ಶರೀರಶಾಸ್ತ್ರದ ಗಟ್ಟಿ ಆಧಾರ ಸಿಕ್ಕಿದ್ದು 1899ರಲ್ಲಿ. ಜಿನೀವಾದಲ್ಲಿ ಜಾನ್ ಲೂಯಿ ಪ್ರೆವೊ ಮತ್ತು ಫ್ರೆಡೆರಿಕ್ ಬಟೆಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡುತ್ತ ಒಂದು ವಿಚಿತ್ರ ಕಂಡರು. ಸಣ್ಣ ಶಾಕ್ ಫಿಬ್ರಿಲೇಷನ್ ಹುಟ್ಟಿಸುತ್ತದೆ. ದೊಡ್ಡ ಶಾಕ್ ಅದನ್ನೇ ಅಳಿಸುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಮಾತು ಅಕ್ಷರಶಃ ನಿಜವಾದ ಪ್ರಸಂಗ.

ಆಮೇಲೆ ಸುಮಾರು ಮೂರು ದಶಕ ಅದು ಬಹುತೇಕ ಮರೆತೇಹೋಯಿತು. ಮತ್ತೆ ನೆನಪಿಸಿದವರು ಲೈನ್‌ಮ್ಯಾನ್‌ಗಳು, ತಮ್ಮ ಸಾವಿನಿಂದ. ಅಮೆರಿಕದಲ್ಲಿ ಊರೂರಿಗೆ ಕಂಬ ನೆಟ್ಟು ತಂತಿ ಎಳೆಯುತ್ತಿದ್ದ ಕಾಲದಲ್ಲಿ ಕರೆಂಟು ಹೊಡೆದು ಸಾಯುವವರು ಹೆಚ್ಚಾದರು, ವಿದ್ಯುತ್ ಕಂಪನಿಗಳು ಸಂಶೋಧನೆಗೆ ಹಣ ಬಿಡುಗಡೆ ಮಾಡಿದವು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಈ ಕೆಲಸ ಹಿಡಿದವರಲ್ಲಿ ವಿಲಿಯಂ ಕೌವೆನ್‌ಹೋವನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. 1933ರಲ್ಲಿ ಅವರ ತಂಡ ಎಸಿ ಕರೆಂಟಿನಿಂದ ನಾಯಿಯ ಹೃದಯವನ್ನು ಸರಿದಾರಿಗೆ ತಂದಿತು. 1947ರಲ್ಲಿ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್ 14 ವರ್ಷದ ಹುಡುಗನೊಬ್ಬನ ತೆರೆದ ಎದೆಯೊಳಗೆ ಎಸಿ ಶಾಕ್ ಕೊಟ್ಟು ಬದುಕಿಸಿದರು. 1956ರಲ್ಲಿ ಬಾಸ್ಟನ್ನಿನ ಪಾಲ್ ಝೋಲ್ ಎದೆ ತೆರೆಯದೆಯೇ ಅದನ್ನು ಸಾಧಿಸಿದರು.

ನಡುವೆ ಒಂದು ಸಣ್ಣ ವಿಷಯ. 1958ರಲ್ಲಿ ಕೌವೆನ್‌ಹೋವನ್ ಅವರ ಪ್ರಯೋಗಾಲಯದಲ್ಲಿ ಗೈ ನಿಕರ್‌ಬಾಕರ್ ಎಂಬ ವಿದ್ಯಾರ್ಥಿ ನಾಯಿಯ ಎದೆಗೆ ಭಾರದ ತಾಮ್ರದ ಎಲೆಕ್ಟ್ರೋಡುಗಳನ್ನು ಒತ್ತಿ ಹಿಡಿದಾಗ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡದ ಗೆರೆ ತುಸು ಏರಿದ್ದನ್ನು ಕಂಡ. ಒತ್ತಿದರೆ ರಕ್ತ ಹರಿಯುತ್ತದೆ! ಇಂದು ನಿಮ್ಮ ಆಸ್ಪತ್ರೆಯ ಸೆಕ್ಯುರಿಟಿಯವರಿಗೂ ಹೇಳಿಕೊಡುವ ಸಿಪಿಆರ್ ಹುಟ್ಟಿದ್ದು ಹಾಗೆ. 1960ರಲ್ಲಿ ಅದು ಪ್ರಕಟವಾಯಿತು. ಅಲೆಗಳ ಪ್ರಯೋಗದಿಂದ ಸಿಕ್ಕ ಅತಿ ದೊಡ್ಡ ಲಾಭಕ್ಕೂ ಅಲೆಗೂ ಸಂಬಂಧವೇ ಇರಲಿಲ್ಲ.

ಅತ್ತ ಸೋವಿಯತ್ ದೇಶದಲ್ಲಿ ಕಥೆ ಬೇರೆ ಜಾಡಿನಲ್ಲಿ ಸಾಗಿತ್ತು. ಜಿನೀವಾದಲ್ಲಿ ಬಟೆಲ್ಲಿಯೊಂದಿಗೆ ಕೆಲಸ ಮಾಡಿದ್ದ ಲೀನಾ ಸ್ಟರ್ನ್ 1925ರಲ್ಲಿ ಮಾಸ್ಕೋಗೆ ಹೋಗಿ ನೆಲೆಸಿದರು. ಅವರ ಪ್ರಯೋಗಾಲಯದಲ್ಲಿ ನೌಮ್ ಗುರ್ವಿಚ್ ಮತ್ತು ಯೂನಿಯೆವ್ 1939ರಲ್ಲಿ ಎಸಿಯನ್ನು ಬಿಟ್ಟು ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಂದೇ ಸಲ ಹರಿಸಿ ಪ್ರಾಣಿಗಳ ಹೃದಯವನ್ನು ಸರಿಪಡಿಸಿದರು. ಮುಂದೆ ಸ್ಟರ್ನ್ ಅವರನ್ನು ಸ್ಟಾಲಿನ್ ಆಡಳಿತ 1949ರಲ್ಲಿ ಬಂಧಿಸಿತು. ಗುರ್ವಿಚ್ ಕೆಲಸ ಮುಂದುವರಿಯಿತು. 1952ರ ಹೊತ್ತಿಗೆ ಸೋವಿಯತ್ ಯಂತ್ರ ಬಂದಿತ್ತು, 1970ರ ದಶಕದ ಆರಂಭದಲ್ಲೇ ಅಲ್ಲಿ ಬೈಫೇಸಿಕ್ ಅಲೆಯ ಯಂತ್ರವೂ ಬಳಕೆಗೆ ಬಂತು. ಪಶ್ಚಿಮದ ಪೇಟೆ ಅದನ್ನು ‘ಹೊಸ ತಂತ್ರಜ್ಞಾನ’ ಎಂದು ಮಾರಲು ಶುರುಮಾಡಿದ್ದು ಅದಾದ 25 ವರ್ಷಗಳ ಮೇಲೆ.

ಎಸಿಯೋ ಕೆಪಾಸಿಟರಿನ ಡಿಸಿಯೋ ಎಂಬ ಜಗಳವನ್ನು ಅಮೆರಿಕದಲ್ಲಿ ತೀರಿಸಿದವರು ಬಾಸ್ಟನ್ನಿನ ಬರ್ನಾರ್ಡ್ ಲೌನ್. ಎಂಜಿನಿಯರ್ ಬರೂಖ್ ಬೆರ್ಕೊವಿಟ್ಸ್ ಕಟ್ಟಿಕೊಟ್ಟ ಯಂತ್ರದಿಂದ ನಾಯಿಗಳ ಮೇಲೆ ಎರಡನ್ನೂ ಹೋಲಿಸಿ 1962ರಲ್ಲಿ ಪ್ರಕಟಿಸಿದರು. ಡಿಸಿ ಹೆಚ್ಚು ಫಲಕಾರಿ, ಹೃದಯಕ್ಕೆ ಗಾಯವೂ ಕಡಿಮೆ. ಫಲಿತಾಂಶದಲ್ಲಿ ಎಷ್ಟು ದೊಡ್ಡ ವ್ಯತ್ಯಾಸವಿತ್ತೆಂದರೆ ಎಸಿ ಯಂತ್ರಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಹಾಲು ಉಕ್ಕಿ ಇಳಿದಂಥ ಆ ಅಲೆ ಮುಂದಿನ ಮೂರು ದಶಕ ಆಳಿತು. 

ಇಷ್ಟು ಓದಿದವರಿಗೆ ಪ್ರಾಣಿ ಹೇಳಿದ್ದೆಲ್ಲ ಮನುಷ್ಯನಿಗೂ ಸರಿ ಎನ್ನಿಸಬಹುದು. ಎಡವಿದ ಕಥೆಯೂ ಒಂದಿದೆ. ಖರೀದಿ ಸಮಿತಿಯವರು ಅದನ್ನು ಚೆನ್ನಾಗಿ ತಿಳಿದಿರಬೇಕು.

1970ರ ದಶಕದಲ್ಲಿ ಲೆಸ್ಲಿ ಗೆಡ್ಡಿಸ್ ಮತ್ತು ವಿಲ್ಬರ್ ಟ್ಯಾಕರ್ ಒಂದು ಭಾರಿ ಕೆಲಸ ಮಾಡಿದರು. 2.3 ಕಿಲೋ ತೂಕದ ಪುಟ್ಟ ಪ್ರಾಣಿಯಿಂದ 340 ಕಿಲೋ ತೂಕದ ದೈತ್ಯದವರೆಗೆ ನೂರಕ್ಕೂ ಹೆಚ್ಚು ಜೀವಗಳಲ್ಲಿ ಫಿಬ್ರಿಲೇಷನ್ ನಿಲ್ಲಿಸಲು ಎಷ್ಟು ಶಕ್ತಿ ಬೇಕೆಂದು ಅಳೆದರು. ತೂಕ ಏರಿದಂತೆ ಬೇಕಾದ ಶಕ್ತಿಯೂ ಏರಿತು. ಅಂದವಾದ ಗೆರೆ, 1974ರಲ್ಲಿ ಪ್ರಕಟವಾಯಿತು. ಆ ಗೆರೆಯನ್ನೇ ಹಿಡಿದು ಮನುಷ್ಯನ ಲೆಕ್ಕ ಹಾಕಿದಾಗ, ದಪ್ಪ ಮೈಯ ವಯಸ್ಕರಿಗೆ ಆಗಿನ ಯಂತ್ರಗಳ 400 ಜೂಲ್ ಸಾಲದು ಎಂಬ ಉತ್ತರ ಬಂತು. ಹಾಗಾದರೆ ಇನ್ನೂ ದೊಡ್ಡ ಯಂತ್ರ ಬೇಕು! ತಯಾರಕರು ಕಿವಿ ನಿಮಿರಿಸಿದರು.

ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಜ್‌ಗೆ ಇದು ಒಪ್ಪಿಗೆಯಾಗಲಿಲ್ಲ. 1960ರ ದಶಕದ ಮಧ್ಯದಲ್ಲೇ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಹತ್ತಿಸಿದ್ದ ಮನುಷ್ಯ ಆತ. ಆ 400 ಜೂಲ್‌ಗಿಂತ ಎಷ್ಟೋ ಕಡಿಮೆ ಶಕ್ತಿಯಲ್ಲಿ ಬಹುತೇಕ ವಯಸ್ಕರು ಸರಿಯಾಗುವುದನ್ನು ಅವರ ತಂಡ ದಿನವೂ ನೋಡುತ್ತಿತ್ತು. ಜಗಳ ವೈದ್ಯಕೀಯ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಸಾಗಿತು. ಕೊನೆಗೆ 1982ರಲ್ಲಿ ಸಿಯಾಟಲ್‌ನಲ್ಲಿ 249 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ 175 ಜೂಲ್, ಇನ್ನೊಂದಕ್ಕೆ 320 ಜೂಲ್ ಕೊಟ್ಟು ನೋಡಿದರು. ಫಲಿತಾಂಶ ಹೆಚ್ಚುಕಡಿಮೆ ಒಂದೇ. ದೊಡ್ಡ ಶಾಕ್ ಮತ್ತೆ ಮತ್ತೆ ಬಿದ್ದವರ ಹೃದಯದಲ್ಲಿ ವಿದ್ಯುತ್ ಸಂಕೇತ ತಡೆಯಾಗುವ ತೊಂದರೆ ಹೆಚ್ಚು ಕಂಡಿತು, ಅಷ್ಟೇ.

ಪ್ರಾಣಿಗಳ ಗೆರೆ ತಪ್ಪಾಗಿರಲಿಲ್ಲ. ಅದನ್ನು ಬಳಸಿದ ಜಾಗ ತಪ್ಪಾಗಿತ್ತು. ಬೆಂಗಳೂರಿನಿಂದ ಬೀದರ್‌ವರೆಗೆ ಮಳೆಯ ಗೆರೆ ಎಳೆದು, ಅದನ್ನು ನೋಡಿ ಹುಬ್ಬಳ್ಳಿಯ ಒಂದೇ ಓಣಿಯಲ್ಲಿ ಯಾವ ಮನೆಗೆ ಎಷ್ಟು ಹನಿ ಬಿತ್ತೆಂದು ಹೇಳಲು ಹೊರಟ ಹಾಗೆ. ಬೆಕ್ಕಿಗೂ ಕುದುರೆಗೂ ನಡುವಿನ ಅಂತರದಲ್ಲಿ ತೂಕ ದೊಡ್ಡ ಮಾತು. 60 ಕಿಲೋದವರಿಗೂ 85 ಕಿಲೋದವರಿಗೂ ನಡುವೆ ಬೇರೆ ನೂರೆಂಟು ಕಾರಣಗಳು ತೂಕವನ್ನು ಮುಳುಗಿಸಿಬಿಡುತ್ತವೆ.

ಬೈಫೇಸಿಕ್ ಗೆದ್ದ ಬಗೆ ಇದಕ್ಕೆ ತದ್ವಿರುದ್ಧ. ಮಿಸೌರಿ ವಿಶ್ವವಿದ್ಯಾಲಯದ ಜಾನ್ ಶೂಡರ್ 100 ಕಿಲೋ ತೂಕದ ಕರುಗಳನ್ನು ಆರಿಸಿಕೊಂಡರು. 1983-84ರ ಅವರ ಪ್ರಬಂಧಗಳಲ್ಲಿ ದಿಕ್ಕು ಬದಲಿಸುವ ಚೌಕಾಕಾರದ ಅಲೆ ಒಂದೇ ದಿಕ್ಕಿನದನ್ನು ಹಿಂದೆ ಹಾಕಿತು. ಅದೇ ಹೊತ್ತಿಗೆ ಇನ್ನೊಂದು ಪ್ರಯೋಗಾಲಯದಲ್ಲಿ ಜಾನಿಸ್ ಜೋನ್ಸ್ ಕೋಳಿಭ್ರೂಣದ ಹೃದಯಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಶಾಕ್ ಕೊಟ್ಟು, ಬೈಫೇಸಿಕ್ ಅಲೆಯಿಂದ ಕೋಶಗಳಿಗೆ ಆಗುವ ಹಾನಿ ಕಡಿಮೆ ಎಂದು ತೋರಿಸಿದರು. ಇನ್ನೂರು ವರ್ಷ ಕಳೆದು ಕೋಳಿಯೇ ಮತ್ತೆ ಸಾಕ್ಷಿಗೆ ಬಂತು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೇಮಂಡ್ ಐಡೆಕರ್ ತಂಡ ನಾಯಿಗಳಲ್ಲಿ ಎರಡು ಹಂತಗಳ ಉದ್ದವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ 1989ರಲ್ಲಿ ಮಹತ್ವದ ಅಂಶವೊಂದನ್ನು ಹೇಳಿತು: ಎರಡನೆಯ ಹಂತ ಮೊದಲನೆಯದರಷ್ಟೇ ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಲಾಭ, ಉದ್ದವಾದರೆ ಲಾಭ ಕರಗಿಹೋಗುತ್ತದೆ. ಹೆಸರಿಗೆ ಬೈಫೇಸಿಕ್ ಆಗಿದ್ದರೆ ಸಾಲದು.

ಯಾಕೆ ಹೀಗೆ? 1994ರಲ್ಲಿ ಮಾರ್ಕ್ ಕ್ರೋಲ್ ಕೊಟ್ಟ ವಿವರಣೆ ಮನೆಮಾತಿನಲ್ಲಿ ಹೇಳಬಹುದಾದದ್ದು. ಮೊದಲ ಹಂತ ಕೋಶದ ಪೊರೆಯ ಮೇಲೆ ಚಾರ್ಜ್ ತುಂಬುತ್ತದೆ. ಕೆಲಸ ಮುಗಿದ ಮೇಲೂ ಅಲ್ಲಲ್ಲಿ ಉಳಿದ ಚಾರ್ಜ್ ಮತ್ತೆ ಗಲಾಟೆ ಎಬ್ಬಿಸಬಹುದು. ಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟಿ ತೇಗಿಸುವಂತೆ ಎರಡನೆಯ ಹಂತ ಅದನ್ನು ಹೊರಹಾಕುತ್ತದೆ. ಕ್ರೋಲ್ ಬಳಸಿದ ಪದವೇ ತೇಗಿಸುವುದು. ಎರಡನೆಯ ಹಂತ ಯಾಕೆ ಉದ್ದವಾಗಬಾರದು ಎಂಬುದೂ ಇದರಿಂದ ತಿಳಿಯುತ್ತದೆ. ತೇಗು ಬಂದ ಮೇಲೂ ತಟ್ಟುತ್ತಲೇ ಇದ್ದರೆ ಕುಡಿದ ಹಾಲು ಅಜ್ಜಿಯ ಸೆರಗಿನ ಮೇಲಿರುತ್ತದೆ. 1998ರಲ್ಲಿ ಇಗೋರ್ ಎಫಿಮೊವ್ ತಂಡ ಮೊಲದ ಹೃದಯಕ್ಕೆ ವೋಲ್ಟೇಜಿಗೆ ತಕ್ಕಂತೆ ಹೊಳಪು ಬದಲಿಸುವ ಬಣ್ಣ ಉಣಿಸಿ ಶಾಕ್‌ನ ಗುರುತನ್ನು ಕಣ್ಣಿಗೇ ಕಾಣಿಸಿತು. ಒಂದೇ ದಿಕ್ಕಿನ ಶಾಕ್ ಹೃದಯದ ಮೇಲೆ ಧನ ಮತ್ತು ಋಣ ಪಟ್ಟಿಗಳನ್ನು ಅಕ್ಕಪಕ್ಕ ಬಿಟ್ಟುಹೋಗುತ್ತದೆ. ಅವು ಕೂಡುವ ಜಾಗದಲ್ಲಿ ಹೊಸ ಸುಳಿ ಹುಟ್ಟಬಹುದು. ಸರಿಯಾದ ಎರಡನೆಯ ಹಂತ ಆ ಪಟ್ಟಿಗಳನ್ನು ಒರೆಸಿಹಾಕುತ್ತದೆ.

1995ರಲ್ಲಿ ಬ್ರಾಡ್‌ಫೋರ್ಡ್ ಗ್ಲೈನರ್ ತಂಡ ಹಂದಿಗಳಲ್ಲಿ ಎದೆಯ ಹೊರಗಿನಿಂದ ಶಾಕ್ ಕೊಟ್ಟಾಗಲೂ ಬೈಫೇಸಿಕ್ ಅಲೆಯೇ ಗೆದ್ದಿತು. 1996ರಲ್ಲಿ ಗಸ್ಟ್ ಬಾರ್ಡಿ ಮತ್ತು ಸಂಗಡಿಗರು ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದರು: 130 ಜೂಲ್‌ನ ಬೈಫೇಸಿಕ್, 200 ಜೂಲ್‌ನ ಹಳೆಯ ಅಲೆಗೆ ಸರಿಸಾಟಿಯಾಯಿತು. ಅದೇ ವರ್ಷ ಅಮೆರಿಕದಲ್ಲಿ ಮೊದಲ ಬೈಫೇಸಿಕ್ ಎಇಡಿ (ತಾನೇ ಲಯ ನೋಡಿ ಶಾಕ್ ಬೇಕೇ ಎಂದು ಹೇಳುವ ಡಿಫಿಬ್ರಿಲೇಟರ್) ಮಾರುಕಟ್ಟೆಗೆ ಬಂತು. 2000ದಲ್ಲಿ ಯುರೋಪಿನಲ್ಲಿ ಆಸ್ಪತ್ರೆಯ ಹೊರಗೆ ಕುಸಿದುಬಿದ್ದ 115 ಜನರ ಅಧ್ಯಯನ ಪ್ರಕಟವಾಯಿತು. ಮೂರು ಶಾಕ್‌ಗಳೊಳಗೆ ಫಿಬ್ರಿಲೇಷನ್ ನಿಂತದ್ದು ಬೈಫೇಸಿಕ್‌ನಲ್ಲಿ 98 ಪ್ರತಿಶತ, ಹಳೆಯ ಅಲೆಯಲ್ಲಿ 69 ಪ್ರತಿಶತ. ಆದರೆ ಬದುಕಿ ಮನೆಗೆ ಹೋದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಿ, ಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಸಾಕ್ಷಿಗಳ ಸಾಲು. ಬೇರೆ ಬೇರೆ ಪ್ರಾಣಿ, ಬೇರೆ ಬೇರೆ ಊರು, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಪ್ರಯೋಗಾಲಯ, ಯಾಕೆ ಹೀಗೆಂಬುದಕ್ಕೆ ಕಾರಣ, ಕೊನೆಯಲ್ಲಿ ಮನುಷ್ಯನ ಮೇಲೆ ಪರೀಕ್ಷೆ. ಬೈಫೇಸಿಕ್ ಎಂಬ ಪದ ನಿಮ್ಮ ಟೆಂಡರಿನಲ್ಲಿ ಇರಲೇಬೇಕು ಎನ್ನಲು ಇಷ್ಟು ಬಲ ಸಾಕು. ಬ್ರೋಶರಿನ ಗ್ರಾಫ್ ಮಾತ್ರ ಒಂದು ಬೈಫೇಸಿಕ್ ಇನ್ನೊಂದು ಬೈಫೇಸಿಕ್‌ಗಿಂತ ಮೇಲು ಎನ್ನುವಂಥದ್ದು. ಅದಕ್ಕೆ ಈ ಸಾಲು ಇಲ್ಲ.

ಹಾಗಾದರೆ ಆ ಗ್ರಾಫ್ ಹುಟ್ಟುವುದು ಎಲ್ಲಿ? ಪ್ರಯೋಗಾಲಯದ ಮೇಜಿನ ಮೇಲೆ ಅರಿವಳಿಕೆ ಪಡೆದ ಹಂದಿ ಅಂಗಾತ ಮಲಗಿರುತ್ತದೆ. ಎಳೆಯದು, ಗಟ್ಟಿಮುಟ್ಟಾದದ್ದು. ಗಂಟಲಲ್ಲಿ ಉಸಿರಿನ ಕೊಳವೆ, ಎದೆಯ ಕೂದಲು ಬೋಳಿಸಿ ಅಂಟಿಸಿದ ಪ್ಯಾಡು. ರಕ್ತನಾಳದ ಮೂಲಕ ಹೃದಯದೊಳಗೆ ಇಳಿಸಿದ ತೆಳು ತಂತಿಯಲ್ಲಿ ಚೂರು ಕರೆಂಟು ಹರಿಸುತ್ತಾರೆ. ಪರದೆಯ ಮೇಲಿನ ಅಚ್ಚುಕಟ್ಟಾದ ಇಸಿಜಿ ಮಕ್ಕಳು ಗೀಚಿದಂತಾಗುತ್ತದೆ, ರಕ್ತದೊತ್ತಡದ ಗೆರೆ ಕುಸಿಯುತ್ತದೆ. ಯಾರೋ ಒಬ್ಬರು ಎಣಿಸುತ್ತಾರೆ. ಸಾಮಾನ್ಯವಾಗಿ 10 ಇಲ್ಲವೇ 15 ಸೆಕೆಂಡಿಗೆ ಶಾಕ್. ನಿಂತರೆ ಒಂದು ಗುರುತು. ನಿಲ್ಲದಿದ್ದರೆ ಕೂಡಲೇ ದೊಡ್ಡದೊಂದು ಶಾಕ್ ಕೊಟ್ಟು ಉಳಿಸಿಕೊಂಡು ಇನ್ನೊಂದು ಗುರುತು. ಹಂದಿ ಸುಧಾರಿಸಿಕೊಳ್ಳುವ ತನಕ ಕೆಲವು ನಿಮಿಷ ಕಾಯುತ್ತಾರೆ. ಮತ್ತೆ ಅದೇ, ಈ ಸಲ ಬೇರೆ ಅಲೆ, ಬೇರೆ ಶಕ್ತಿ. ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿರುತ್ತಾರೆ. ಒಂದೇ ಹಂದಿಯಲ್ಲಿ ಎರಡೂ ಅಲೆಗಳನ್ನು ಹೋಲಿಸುವುದರಿಂದ ಹಂದಿ-ಹಂದಿಯ ನಡುವಿನ ವ್ಯತ್ಯಾಸ ಅಡ್ಡ ಬರುವುದಿಲ್ಲ. ವಿಜ್ಞಾನವಾಗಿ ಇದು ಚೊಕ್ಕ ಕೆಲಸ.

ಇಷ್ಟು ಜೂಲ್ ದಾಟಿದರೆ ಗೆಲುವು, ಕೆಳಗಾದರೆ ಸೋಲು ಎಂಬ ಹೊಸ್ತಿಲು ಇಲ್ಲಿಲ್ಲ. ಒಂದೇ ಹಂದಿಗೆ, ಒಂದೇ ಶಕ್ತಿಯಲ್ಲಿ, ಒಂದು ಸಲ ನಿಂತದ್ದು ಇನ್ನೊಂದು ಸಲ ನಿಲ್ಲದೆ ಹೋಗಬಹುದು. ಶಕ್ತಿ ಏರಿದಂತೆ ಗೆಲುವಿನ ಸಾಧ್ಯತೆ ಏರುತ್ತದೆ, ಅಷ್ಟೇ. ಹಾಗಾಗಿ ಎರಡು ಅಲೆಗಳನ್ನು ಅರ್ಧಕ್ಕರ್ಧ ಗೆಲ್ಲುವ ಮಟ್ಟದಲ್ಲಿ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆಸ್ಪತ್ರೆಯಲ್ಲಿ ಯಾರೂ ಅರ್ಧಕ್ಕರ್ಧ ಗೆಲ್ಲುವ ಶಾಕ್ ಕೊಡುವುದಿಲ್ಲ. ಅಲ್ಲಿ ಬಳಸುವ ಎತ್ತರದ ಮಟ್ಟದಲ್ಲಿ ಎರಡೂ ಗೆರೆಗಳು ಹತ್ತಿರ ಹತ್ತಿರ ಬಂದುಬಿಡುತ್ತವೆ. ಗ್ರಾಫಿನ ಯಾವ ತುಂಡನ್ನು ಕತ್ತರಿಸಿ ಬ್ರೋಶರಿಗೆ ಹಾಕಿದ್ದಾರೆಂದು ನೋಡಿಕೊಳ್ಳಿ.

ಇನ್ನು ಹಂದಿಯ ಎದೆ. ಅದು ಕರೆಂಟಿಗೆ ಒಡ್ಡುವ ತಡೆ ಮನುಷ್ಯನ ಎದೆಗಿಂತ ಕಡಿಮೆ. ಮನುಷ್ಯರಲ್ಲಿ ಅದು ಸುಮಾರು 25 ಓಮ್‌ನಿಂದ 180 ಓಮ್ ತನಕ ಹರಡಿಕೊಂಡಿದೆ, ಸರಾಸರಿ 70-80. ತಡೆ ಬದಲಾದರೆ ಅಲೆಯ ಆಕಾರವೇ ಬದಲಾಗುತ್ತದೆ. ಒಂದು ಕಂಪನಿಯ ಯಂತ್ರ ಅದನ್ನು ಅವಧಿ ಹೆಚ್ಚಿಸಿ ಸರಿದೂಗಿಸಿದರೆ ಇನ್ನೊಂದು ವೋಲ್ಟೇಜ್ ಹೆಚ್ಚಿಸುತ್ತದೆ. ಕಡಿಮೆ ತಡೆಯಲ್ಲಿ ಗೆದ್ದ ಅಲೆ ಹೆಚ್ಚು ತಡೆಯಲ್ಲೂ ಗೆಲ್ಲುತ್ತದೆಂಬ ಖಾತ್ರಿ ಇಲ್ಲ. ಹಂದಿಯ ಹೃದಯದಲ್ಲಿ ವಿದ್ಯುತ್ ಸಾಗಿಸುವ ಪುರ್ಕಿಂಜೆ ಎಳೆಗಳು ಗೋಡೆಯ ಹೊರಮೈವರೆಗೂ ಚಾಚಿರುತ್ತವೆ, ಮನುಷ್ಯರಲ್ಲಿ ಒಳಮೈಯಲ್ಲೇ ಉಳಿಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹಂದಿಗೆ ಸಕ್ಕರೆ ಕಾಯಿಲೆ ಇಲ್ಲ, ಮೂವತ್ತು ವರ್ಷದ ಬೀಡಿ ಇಲ್ಲ, ಕಟ್ಟಿಕೊಂಡ ರಕ್ತನಾಳ ಇಲ್ಲ. ಅದು ಬಿದ್ದು 15 ಸೆಕೆಂಡೂ ಆಗಿಲ್ಲ. ಫಿಬ್ರಿಲೇಷನನ್ನು ನಿಮಿಷಗಟ್ಟಲೆ ಹಾಗೇ ಬಿಟ್ಟು ನೋಡುವ ಪ್ರಯೋಗಗಳೂ ಇವೆ. ಮ್ಯಾಕ್ಸ್ ಹ್ಯಾರಿ ವೀಲ್ ಅವರ ಸಂಸ್ಥೆ ಇದರಲ್ಲಿ ಬಹಳ ಕೆಲಸ ಮಾಡಿತು. ಬ್ರೋಶರಿನ ಗ್ರಾಫ್ ಆ ಬಗೆಯದೋ ಈ ಬಗೆಯದೋ ಎಂದು ಕೇಳಿ ನೋಡಿ, ಸೇಲ್ಸ್ ಎಂಜಿನಿಯರ್ ಹೆಡ್ ಆಫೀಸಿಗೆ ಫೋನ್ ಮಾಡಬೇಕಾಗುತ್ತದೆ.

ಜೂಲ್ ಎಂಬ ಅಂಕಿಯೂ ಅಷ್ಟು ನೇರವಲ್ಲ. ಪೇಟೆಯಲ್ಲಿ ಮೂರು ಮತಗಳಿವೆ: ಪ್ರತಿ ಸಲವೂ 150 ಎನ್ನುವವರು, 120-150-200 ಎನ್ನುವವರು, 200-300-360 ಎಂದು ಏರಿಸುವವರು. ಸ್ನಾಯುವಿನ ಮೇಲೆ ಕೆಲಸ ಮಾಡುವುದು ಕರೆಂಟು, ಜೂಲ್ ಅಲ್ಲ. ಒಂದು ಕೊಡ ನೀರನ್ನು ಒಂದೇ ಸಲ ಮುಖಕ್ಕೆ ಎರಚುವುದೂ ಲೋಟದಲ್ಲಿ ಮೊಗೆದು ಮೊಗೆದು ಹಾಕುವುದೂ ನೀರಿನ ಲೆಕ್ಕದಲ್ಲಿ ಒಂದೇ, ಮುಖಕ್ಕೆ ಒಂದೇ ಅಲ್ಲ. ಒಂದು ಯಂತ್ರದ 150ನ್ನು ಇನ್ನೊಂದರ 200ರ ಪಕ್ಕದಲ್ಲಿಟ್ಟು ‘ನಮ್ಮದು ಸೌಮ್ಯ’ ಎನ್ನುವುದಾಗಲಿ ‘ನಮ್ಮದು ಬಲಿಷ್ಠ’ ಎನ್ನುವುದಾಗಲಿ ಬರೀ ಮಾತು.

ಮನುಷ್ಯರ ಮೇಲಿನ ಪರೀಕ್ಷೆ ಏನು ಹೇಳಿತು? ಕೆನಡಾದಲ್ಲಿ 2007ರಲ್ಲಿ 221 ರೋಗಿಗಳ ಅಧ್ಯಯನ ಪ್ರಕಟವಾಯಿತು. ಎಲ್ಲವೂ ಬೈಫೇಸಿಕ್, ಕೆಲವರಿಗೆ ಸದಾ 150, ಕೆಲವರಿಗೆ 200-300-360. ಒಂದಕ್ಕಿಂತ ಹೆಚ್ಚು ಶಾಕ್ ಬೇಕಾದವರಲ್ಲಿ ಏರಿಸುವ ಕ್ರಮ 36.6 ಪ್ರತಿಶತ ಸಲ, ಒಂದೇ ಮಟ್ಟದ ಕ್ರಮ 24.7 ಪ್ರತಿಶತ ಸಲ ಲಯ ತಂದುಕೊಟ್ಟಿತು. ಬದುಕುಳಿದವರ ಸಂಖ್ಯೆಯಲ್ಲಿ ಮತ್ತೆ ವ್ಯತ್ಯಾಸ ಇಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಮಾರ್ಗಸೂಚಿ ಬೈಫೇಸಿಕ್ ಬಳಸಿ, ತಯಾರಕರು ಹೇಳಿದ ಶಕ್ತಿಯನ್ನು ಕೊಡಿ, ಅದು ಗೊತ್ತಿಲ್ಲದಿದ್ದರೆ ಯಂತ್ರದ ಗರಿಷ್ಠ ಮಟ್ಟ ಬಳಸಿ ಎಂದಷ್ಟೇ ಹೇಳುತ್ತದೆ. ಯಾವ ಬೈಫೇಸಿಕ್‌ಗೂ ಅದು ಕಿರೀಟ ತೊಡಿಸಿಲ್ಲ.

2022ರಲ್ಲಿ ಆಂಟಾರಿಯೊದಿಂದ ಬಂದ ಫಲಿತಾಂಶ ಇನ್ನೂ ಸ್ವಾರಸ್ಯದ್ದು. ಮೂರು ಶಾಕ್ ಕೊಟ್ಟರೂ ಜಗ್ಗದ ಫಿಬ್ರಿಲೇಷನ್ನಿನ 405 ರೋಗಿಗಳು. ಮೊದಲಿನ ಜಾಗದಲ್ಲೇ ಪ್ಯಾಡು ಇಟ್ಟು ಮುಂದುವರಿಸಿದಾಗ ಬದುಕಿ ಮನೆಗೆ ಹೋದವರು 13.3 ಪ್ರತಿಶತ. ಒಂದು ಪ್ಯಾಡು ಎದೆಗೆ, ಇನ್ನೊಂದು ಬೆನ್ನಿಗೆ ಬದಲಿಸಿದಾಗ 21.7. ಎರಡು ಯಂತ್ರಗಳಿಂದ ಒಂದರ ಬೆನ್ನಿಗೊಂದು ಶಾಕ್ ಕೊಟ್ಟಾಗ 30.4. ಅಲೆಯ ಆಕಾರದಲ್ಲಿ ಯಾರೂ ಏನೂ ಬದಲಿಸಿರಲಿಲ್ಲ. ಎರಡು ರೂಪಾಯಿ ಖರ್ಚಿಲ್ಲದೆ ಪ್ಯಾಡನ್ನು ಬೆನ್ನಿಗೆ ಸರಿಸಿದ್ದೇ, ಇಪ್ಪತ್ತು ವರ್ಷಗಳ ಬ್ರೋಶರ್ ಯುದ್ಧ ಸಾಧಿಸಲಾಗದ್ದನ್ನು ಸಾಧಿಸಿತು.

ಇಷ್ಟಾದ ಮೇಲೂ ಎರಡು ಬೈಫೇಸಿಕ್‌ಗಳ ನಡುವೆ ಕೂದಲೆಳೆ ವ್ಯತ್ಯಾಸ ತೋರಿಸಲು ಇನ್ನೊಂದು ಹಿಂಡು ಹಂದಿ ಬೇಕೇ? ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು: ಪ್ರಾಣಿಗೆ ಬದಲಿ ಹುಡುಕಿ, ಸಂಖ್ಯೆ ತಗ್ಗಿಸಿ, ನೋವು ಕಡಿಮೆ ಮಾಡಿ. ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇಂಥ ಪ್ರಯೋಗಗಳಿಗೆ ಸಮಿತಿಯ ಒಪ್ಪಿಗೆ ಬೇಕು. ನಟಾಲಿಯಾ ತ್ರಯನೋವಾ ಅವರಂಥವರು ಕಂಪ್ಯೂಟರಿನೊಳಗೆ ಇಡೀ ಹೃದಯ ಕಟ್ಟಿ ಶಾಕ್ ಕೊಟ್ಟು ನೋಡುತ್ತಾರೆ. ಹೊಸ ಪ್ರಶ್ನೆಗೆ ಪ್ರಾಣಿ ಬೇಕಾಗಬಹುದು. ಮಾರಾಟದ ಗ್ರಾಫಿಗೆ ಬೇಕಿಲ್ಲ. ಆ ಗ್ರಾಫಿಗೆ ಗಿರಾಕಿಗಳು ನೀವೇ. ನೀವು ಕೇಳುವುದನ್ನು ಬಿಟ್ಟರೆ ಅವರು ಮುದ್ರಿಸುವುದನ್ನೂ ಬಿಡುತ್ತಾರೆ.

ಅದರ ಬದಲು ಕೇಳಬೇಕಾದದ್ದು ಬೇರೆ ಇದೆ. ಐಇಸಿ 60601-2-4 ಎಂಬ ಅಂತರರಾಷ್ಟ್ರೀಯ ಮಾನದಂಡ 25 ಓಮ್‌ನಿಂದ 175 ಓಮ್ ತನಕದ ತಡೆಗಳಲ್ಲಿ ಯಂತ್ರ ನಿಜಕ್ಕೂ ಎಷ್ಟು ಶಕ್ತಿ ಕೊಡುತ್ತದೆಂದು ಅಳೆಯಲು ಹೇಳುತ್ತದೆ. ಆ ಕೋಷ್ಟಕ ಯಂತ್ರದ ಕೈಪಿಡಿಯ ಹಿಂದಿನ ಪುಟಗಳಲ್ಲಿರುತ್ತದೆ. ತರಿಸಿಕೊಂಡು ನಿಮ್ಮ ಬಯೋಮೆಡಿಕಲ್ ಎಂಜಿನಿಯರ್ ಮುಂದಿಡಿ. ಅವರನ್ನು ಬಿಲ್ಲಿಗೆ ಸಹಿ ಹಾಕಿಸುವಾಗ ಮಾತ್ರ ಕರೆಯುವ ಪದ್ಧತಿ ಕೆಲವು ಕಡೆ ಇದೆ. ಪ್ಯಾಡುಗಳ ಅವಧಿ ಯಾವಾಗ ಮುಗಿಯುತ್ತದೆ, ಐದು ವರ್ಷದ ಮೇಲೂ ಅವು ಈ ಬೆಲೆಗೆ ಸಿಗುತ್ತವೆಯೇ, ಬ್ಯಾಟರಿ ಸತ್ತರೆ ಸರ್ವಿಸ್‌ನವರು ಎಷ್ಟು ದಿನದಲ್ಲಿ ಬರುತ್ತಾರೆ, ರಾತ್ರಿ ಪಾಳಿಯ ನರ್ಸ್‌ಗೆ ತರಬೇತಿ ಯಾರು ಕೊಡುತ್ತಾರೆ. ಈ ಪ್ರಶ್ನೆಗಳಿಗೆ ಗ್ರಾಫ್ ಇರುವುದಿಲ್ಲ.

ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ಎಇಡಿ ಎಂಬ ಮೂರಕ್ಷರ ಕರ್ನಾಟಕದ ಮನೆಮನೆಗೂ ಗೊತ್ತಾಯಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುವ ಮಾತೂ ಸೇರಿತು. ಇನ್ನಷ್ಟು ಪೆಟ್ಟಿಗೆಗಳು ನಿಮ್ಮ ಮೇಜಿನ ಮೇಲೆ ಬರಲಿವೆ. ಸಿಪಿಆರ್ ಇಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ 7ರಿಂದ 10 ಪ್ರತಿಶತ ಇಳಿಯುತ್ತದೆ. ಯುರೋಪಿನ ಆ ಅಧ್ಯಯನದ 98 ಮತ್ತು 69ರ ಅಂತರ ಮನೆ ಮುಟ್ಟುವ ಹೊತ್ತಿಗೆ ಕಾಣೆಯಾದದ್ದರಲ್ಲಿ ಈ ನಿಮಿಷಗಳ ಪಾಲೂ ಇದೆ. ಹಂದಿಗೆ 15 ಸೆಕೆಂಡಿನಲ್ಲಿ ಶಾಕ್ ಸಿಗುತ್ತಿತ್ತು, ಯಾಕೆಂದರೆ ಯಂತ್ರ ಮೊದಲೇ ಚಾರ್ಜ್ ಆಗಿ, ಪ್ಯಾಡು ಎದೆಗೆ ಅಂಟಿ, ಗುಂಡಿಯ ಮೇಲೆ ಒಬ್ಬರ ಬೆರಳು ಕಾದಿರುತ್ತಿತ್ತು.

ಹೋದ ಸಲ ನೀವು ಕೊಂಡ ಯಂತ್ರ ಈಗ ಎಲ್ಲಿದೆ ಎಂದು ಮುಂದಿನ ಮೀಟಿಂಗಿಗೆ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ. ಕೆಲವು ಕಡೆ ಅದು ಕಳುವಾದೀತೆಂದು ಕಬ್ಬಿಣದ ಬೀರುವಿನಲ್ಲಿದೆ, ಮೇಲೆ ಆಸ್ತಿ ನೋಂದಣಿ ಸಂಖ್ಯೆ ಬರೆದ ಬಿಳಿ ಬಣ್ಣದ ಗುರುತಿದೆ, ಪ್ಯಾಡುಗಳ ಪೊಟ್ಟಣ ಇನ್ನೂ ಒಡೆದಿಲ್ಲ. ಬೀರುವಿನ ಕೀ ಸಿಸ್ಟರ್ ಇನ್‌ಚಾರ್ಜ್ ಬಳಿ ಇರುತ್ತದೆ. ಅವರ ಡ್ಯೂಟಿ ಸಂಜೆ 4ಕ್ಕೆ ಮುಗಿಯುತ್ತದೆ.

ಇತಿ,
ನಿಮ್ಮ ವಾರ್ಡಿನಲ್ಲಿ ಎಂದಾದರೂ ಮಲಗಬೇಕಾಗಬಹುದಾದ ಒಬ್ಬ ಓದುಗ